ಡೆಲ್ಮರ್ ಮಾಮ ತುಂಬಿಸಿದ ಟ್ಯಾಂಕು

ನಮ್ಮೂರು ಲೋನ್ ಕ್ರೀಕಿನಲ್ಲಿ ಗಂಡಸರು ಒಬ್ಬರಿಗೊಬ್ಬರು ಥ್ಯಾಂಕ್ಸ್ ಹೇಳುವುದಿಲ್ಲ. ಉಪಕಾರ ಮಾಡಿದವನು ಊಟಕ್ಕೆ ಕೂತ ಹೊತ್ತು ನೋಡಿ ಹೊರಗೆ ಹೋಗಿ, ಅವನ ಪಿಕಪ್ಪಿನ ಟ್ಯಾಂಕು ತುಂಬಿಸಿ, ಏನೂ ನಡೆದಿಲ್ಲವೆಂಬಂತೆ ಒಳಗೆ ಬಂದು ಕೂರುತ್ತಾರೆ. ತುಂಬಿಸಿಕೊಂಡವನೂ ಕಂಡರೂ ಕಾಣದಂತಿರಬೇಕು. ಎರಡು ದಿನ ಬಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಏನ್ ಮೈಲೇಜ್ ಕೊಡ್ತದಪ್ಪ ಈ ಗಾಡಿ!" ಎಂದರೆ ಲೆಕ್ಕ ಚುಕ್ತಾ. ಪ್ರತಿಯೊಬ್ಬರ ಗಾಡಿಯ ಹಿಂದೆಯೂ ಕೈಪಂಪು ಇರುವ ಡೀಸೆಲ್ ತೊಟ್ಟಿಯೊಂದು ಇರುವುದರಿಂದ ಇದು ಸುಲಭ. ಊರಿನ ಗಾಡಿಗಳೆಲ್ಲ ಡೀಸೆಲ್ಲಿನವೇ ಆಗಿರಬೇಕು, ಅಷ್ಟೆ. ಆ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಪೆಟ್ರೋಲ್ ಪಿಕಪ್ಪು ಓಡಿಸುವವರೆಂದರೆ ಪಾದ್ರಿ, ಸಂಗೀತದ ಮೇಷ್ಟ್ರು, ಬೇಟೆಗೆಂದು ಓಮಹಾ ನಗರದಿಂದ ಬರುವ ಹಲ್ಲಿನ ಡಾಕ್ಟರುಗಳು.

ನನ್ನಪ್ಪ ಲಂಬರ್ಟ್ ಕೊವಾಂದಾ, ದನ ಸಾಕುವ ರ‍್ಯಾಂಚಿನಿಂದ ರ‍್ಯಾಂಚಿಗೆ ಹೋಗಿ ಕೊಳವೆಬಾವಿಯ ಪಂಪು ರಿಪೇರಿ ಮಾಡುತ್ತಾನೆ. ಪೈಪು ಮೇಲೆತ್ತುವ ಯಂತ್ರಕ್ಕಾಗಿ ಪಿಕಪ್ಪಿನ ಎಂಜಿನ್ನು ನಿಂತಲ್ಲೇ ಗಂಟೆಗಟ್ಟಲೆ ಓಡುತ್ತಿರಬೇಕು. ಹಾಗೆ ನಿಂತು ಓಡಿದರೆ ಈಗಿನ ಡೀಸೆಲ್ ಎಂಜಿನ್ನುಗಳ ಹೊಗೆ ಸೋಸುವ ಫಿಲ್ಟರು ಕಟ್ಟಿಕೊಳ್ಳುತ್ತದೆ. ಒಂದೇ ವರ್ಷದಲ್ಲಿ ಮೂರು ಸಲ ಗ್ಯಾರೇಜು ಸೇರಿದ ಮೇಲೆ ಮೆಕ್ಯಾನಿಕ್ಕು ಬಾಗಿಲು ಮುಚ್ಚಿ, ದೊಡ್ಡ ಕಾಯಿಲೆಯ ಸುದ್ದಿ ಹೇಳುವ ಡಾಕ್ಟರಂತೆ ದನಿ ತಗ್ಗಿಸಿದ.

"ಲಂಬರ್ಟ್, ಬೇಜಾರ್ ಮಾಡ್ಕೋಬೇಡ. ನಿನ್ ಕೆಲಸಕ್ಕೆ ಪೆಟ್ರೋಲೇ ಸರಿ."

"ಬೇರೆ ದಾರಿನೇ ಇಲ್ವಾ?"

"ಇಲ್ಲ. ನಾನೇ ಹೇಳ್ದೆ ಅಂತ ಯಾರ ಹತ್ರನೂ ಅನ್ಬೇಡ ಮಾರಾಯ."

ಆಗಸ್ಟಿನಲ್ಲಿ ಅಪ್ಪನೂ ನಾನೂ ಇನ್ನೂರು ಮೈಲಿ ದೂರದ ಅಂಗಡಿಗೆ ಹೋದೆವು. ಅಪ್ಪ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಸಹಿ ಹಾಕಿದ. ಹಳೆಯದರ ಹಾಗೆಯೇ ಬಿಳಿ ಬಣ್ಣ, ಅಷ್ಟೇ ಎತ್ತರ, ಹಿಂದೆ ಅದೇ ಜೋಡಿ ಚಕ್ರ. ಎಂಜಿನ್ನು ಮಾತ್ರ ಎಂಟು ಸಿಲಿಂಡರಿನ ಪೆಟ್ರೋಲಿನದು. ಮನೆಗೆ ಬರುವಾಗ ನನಗೊಂದು ಫಜೀತಿಯಾಯಿತು. ನಾವಿಬ್ಬರೂ ಮಾತು ಕಡಿಮೆಯವರು. ಇಷ್ಟು ವರ್ಷ ಹಳೆಯ ಗಾಡಿಯ ಗದ್ದಲವೇ ನಮ್ಮಿಬ್ಬರ ಪರವಾಗಿ ಮಾತಾಡುತ್ತಿತ್ತು. ಈ ಗಾಡಿ ಸುಮ್ಮನಿತ್ತು. ಇನ್ನೂರು ಮೈಲಿಯಲ್ಲಿ ಅಪ್ಪ ಎರಡು ಸಲ ಕೆಮ್ಮಿದ, ನಾನು ಒಂದು ಸಲ.

ಆಮೇಲೆ ಶುರುವಾದದ್ದು ಮುಚ್ಚಿಡುವ ಕೆಲಸ. ಟ್ಯಾಂಕಿನ ಬಾಯಿಯ ಹತ್ತಿರ 'ಪೆಟ್ರೋಲ್ ಮಾತ್ರ' ಎಂದಿದ್ದ ಬರಹದ ಮೇಲೆ ಅಪ್ಪ ಕಪ್ಪು ಟೇಪು ಅಂಟಿಸಿದ. ಕೈಗವಸಿಗೆ ಡೀಸೆಲ್ ಸವರಿಕೊಂಡೇ ಕಾಫಿಗೆ ಹೋಗುತ್ತಿದ್ದ. ಪೆಟ್ರೋಲಿನ ದನಿ ಯಾರಿಗೂ ಗುರುತು ಸಿಗಬಾರದೆಂದು ಕೆಫೆಯ ಮುಂದಿನ ಇಳಿಜಾರಿನಲ್ಲಿ ಎಂಜಿನ್ ಆರಿಸಿ, ಕಲ್ಲಾದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ತಿರುಗಿಸುತ್ತ, ಶವದ ಗಾಡಿಯಂತೆ ನಿಶ್ಶಬ್ದವಾಗಿ ಬಂದು ನಿಲ್ಲುತ್ತಿದ್ದ. ಪೆಟ್ರೋಲು ಹಾಕಿಸಲು ಮೂರು ಊರು ದಾಟಿ ಹೋಗುತ್ತಿದ್ದ. "ಏನಪ್ಪಾ ಇದೆಲ್ಲ" ಎಂದು ಕೇಳಬೇಕೆಂದು ಹಲವು ಸಲ ಅಂದುಕೊಂಡೆ. ಡೈರಿಯಲ್ಲಿ ಬರೆದು ಸುಮ್ಮನಾದೆ.

ಇಷ್ಟೇ ಆಗಿದ್ದರೆ ಅದು ನಮ್ಮ ಮನೆಯ ನಗೆಪಾಟಲಾಗಿ ಮುಗಿಯುತ್ತಿತ್ತು. ಆದರೆ ಅಕ್ಟೋಬರಿನಲ್ಲಿ ಊರಿನ ಅಗ್ನಿಶಾಮಕ ದಳಕ್ಕೆ ಹೊಸ ನೀರಿನ ಗಾಡಿ ಕೊಳ್ಳುವ ಮಾತು ಬಂತು. ದಳವೆಂದರೆ ಸಂಬಳವಿಲ್ಲದ ಹದಿಮೂರು ಜನ ಊರಿನವರು ಮತ್ತು ಹಿಂದೆ ನೀರಿನ ತೊಟ್ಟಿ ಹೊತ್ತ ಒಂದು ಪಿಕಪ್ಪು. ಹೋದ ಏಪ್ರಿಲ್ಲಿನಲ್ಲಿ ಹುಲ್ಲಿಗೆ ಬೆಂಕಿ ಬಿದ್ದಾಗ ಅದನ್ನು ಓಡಿಸುತ್ತಿದ್ದವನು ಅಪ್ಪ. ಅರ್ಧ ದಾರಿಯಲ್ಲಿ 'ಫಿಲ್ಟರ್ ಕಟ್ಟಿದೆ' ಎಂದು ದೀಪ ಹತ್ತಿ, ಗಾಡಿ ತಾನಾಗಿಯೇ ನಡಿಗೆಯ ವೇಗಕ್ಕೆ ಇಳಿಯಿತು. ಎದುರಿಗೆ ಡೆಲ್ಮರ್ ಯಾನ್ಸೆನ್ ಮಾಮನ ಹುಲ್ಲಿನ ಬಣವೆಗಳು ಒಂದೊಂದಾಗಿ ಉರಿಯುತ್ತಿದ್ದವು. ಅವನ ಮನೆಗೂ ಬೆಂಕಿಗೂ ನಡುವೆ ಒಂದು ರಸ್ತೆ ಮಾತ್ರ ಉಳಿದಿತ್ತು. ಡೆಲ್ಮರ್ ಮಾಮ ದಳದ ಮುಖ್ಯಸ್ಥ, ಅಪ್ಪನ ಬಾಲ್ಯದ ಗೆಳೆಯ. ಅವನ ಪ್ರಕಾರ ತಪ್ಪು ಡೀಸೆಲ್ಲಿನದಲ್ಲ, ಫಿಲ್ಟರಿನ ಕಾನೂನು ಮಾಡಿದ ವಾಷಿಂಗ್ಟನ್ನಿನದು.

ಯಾವ ಗಾಡಿ ಕೊಳ್ಳಬೇಕೆಂದು ಹೇಳುವ ಹೊಣೆ, ಹೊಸದಾಗಿ ಗಾಡಿ ಕೊಂಡವನೆಂದು ಅಪ್ಪನ ತಲೆಗೇ ಬಂತು. ಪೆಟ್ರೋಲೆಂದರೆ ಅವನ ಗುಟ್ಟು ರಟ್ಟಾಗುತ್ತದೆ. ಡೀಸೆಲ್ಲೆಂದರೆ ಮುಂದಿನ ಏಪ್ರಿಲ್ಲಿನಲ್ಲಿ ಇನ್ನಾರದೋ ಮನೆಯ ಮುಂದೆ ಗಾಡಿ ನಡಿಗೆಗೆ ಇಳಿಯುತ್ತದೆ. ಅಪ್ಪ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ.

ಭಾನುವಾರ ದಳದ ಶೆಡ್ಡಿನಲ್ಲಿ ಮೊದಲು ಊಟ, ಆಮೇಲೆ ಸಭೆ. ನಡಾವಳಿ ಬರೆಯುವವಳು ನಾನು. ಡಿಗ್ರಿ ಮುಗಿಸಿ ಬಂದವಳು, ಮಾತಾಡುವುದಿಲ್ಲ, ಆದ್ದರಿಂದ ಬರೆಯಲು ಲಾಯಕ್ಕು ಎಂದು ಎಲ್ಲರೂ ಸೇರಿ ಒಪ್ಪಿಸಿದ ಕೆಲಸ. ಅಪ್ಪನೂ ನಾನೂ ಕಿಟಕಿಯ ಪಕ್ಕ ಕೂತು ಹುರಿದ ಕೋಳಿ ತಿನ್ನುತ್ತಿದ್ದೆವು. ಡೆಲ್ಮರ್ ಮಾಮ ಕೈ ಒರೆಸಿಕೊಂಡು ಎದ್ದು ಹೊರಗೆ ಹೋದ. ಆಗ ನೆನಪಾಯಿತು: ಮಂಗಳವಾರವಷ್ಟೇ ಅಪ್ಪ ಅವನ ಬಾವಿಯ ಪಂಪು ಸರಿಮಾಡಿ, ದುಡ್ಡು ಬೇಡವೆಂದು ಬಂದಿದ್ದ.

ಮಾಮ ತನ್ನ ಗಾಡಿಯನ್ನು ನಮ್ಮದರ ಪಕ್ಕಕ್ಕೆ ತಂದು ನಿಲ್ಲಿಸಿದ.

"ಅಪ್ಪಾ," ಎಂದೆ.

"ನೋಡ್ದೆ."

"ಡೀಸೆಲ್ ಹಾಕ್ತಿದಾನೆ."

"ಸುಮ್ನೆ ಊಟ ಮಾಡು."

ಡೀಸೆಲ್ ಪೈಪಿನ ಮೂತಿ ದಪ್ಪ, ಪೆಟ್ರೋಲ್ ಟ್ಯಾಂಕಿನ ಬಾಯಿ ಸಣ್ಣದು. ಮೂತಿ ಒಳಗೆ ಹೋಗಲಿಲ್ಲ. ಅಪ್ಪನ ಮುಖಕ್ಕೆ ಜೀವ ಬಂತು. ಮಾಮ ಬಗ್ಗಿ ನೋಡಿದ, ಟೇಪನ್ನು ಉಗುರಿನಿಂದ ಕೆರೆದ, ಏನೋ ಬೈದ. ಕನ್ನಡಕ ಅವನ ಜೇಬಿನಲ್ಲೇ ಇತ್ತು. ಆಮೇಲೆ ತನ್ನ ಗಾಡಿಗೆ ಹೋಗಿ ಒಂದು ಆಲಿಕೆ ಹುಡುಕಿ ತಂದ. ಅಪ್ಪ ಕೋಳಿಯ ಕಾಲನ್ನು ತಟ್ಟೆಯಲ್ಲಿಟ್ಟ. ಇಪ್ಪತ್ತು ನಿಮಿಷ, ಆಲಿಕೆ ಹಿಡಿದು, ಚಳಿಗಾಳಿಯಲ್ಲಿ ಮೂಗು ಒರೆಸಿಕೊಳ್ಳುತ್ತ ಮಾಮ ಪ್ರೀತಿಯಿಂದ ಪಂಪು ಒತ್ತಿದ. ಇಪ್ಪತ್ತು ನಿಮಿಷ ಅಪ್ಪ ಅದನ್ನು ನೋಡಿದ. ಬಾಗಿಲು ಹತ್ತು ಹೆಜ್ಜೆ ದೂರವಿತ್ತು.

ಮಾಮ ಒಳಗೆ ಬಂದು ಏನೂ ನಡೆದಿಲ್ಲವೆಂಬಂತೆ ಕೂತ. "ಹೂಂ, ಶುರು ಮಾಡಣ. ಲಂಬರ್ಟ್, ಹೇಳಪ್ಪ. ಯಾವ ಗಾಡಿ ತಗೊಳಣ?"

ಅಪ್ಪ ಎದ್ದು ನಿಂತು ಟೋಪಿ ತೆಗೆದ. ಅವನ ತಲೆ ಅಷ್ಟು ಬೋಳಾಗಿದೆಯೆಂದು ನನಗೇ ಗೊತ್ತಿರಲಿಲ್ಲ.

"ಪೆಟ್ರೋಲ್ದು," ಎಂದ.

ಶೆಡ್ಡಿನಲ್ಲಿ ಯಾರೋ ನಕ್ಕರು. "ಪಾದ್ರಿಗಳು ಓಡಿಸ್ತಾರಾ ಹಂಗಾದ್ರೆ?"

"ಏಪ್ರಿಲ್‌ನಲ್ಲಿ ನಮ್ ನೀರಿನ ಗಾಡಿ ನಡಿಗೆಗೆ ಇಳಿದಾಗ ಒಳಗೆ ಕೂತಿದ್ದೋನು ನಾನು," ಎಂದ ಅಪ್ಪ. "ಡೆಲ್ಮರ್ ಹೆಂಡ್ತಿ ಅಂಗಳದಲ್ಲಿ ಹೂವಿಗೆ ಹಾಕೋ ಪೈಪ್ ಹಿಡ್ಕೊಂಡು ನಿಂತಿದ್ಲು. ನಾನು ಆಕ್ಸಿಲೇಟರ್ ಮೇಲೆ ಎರಡು ಕಾಲೂ ಇಟ್ಟಿದ್ದೆ."

ನಗು ನಿಂತಿತು.

"ದೊಡ್ಡ ಮಾತಾಡ್ತಿಯಲ್ಲ," ಎಂದ ಡೆಲ್ಮರ್ ಮಾಮ. "ನಿನ್ ಗಾಡಿ ಯಾವುದ್ರಲ್ಲಿ ಓಡತ್ತೋ?"

"ಬೆಳಗ್ಗೆವರೆಗೂ ಪೆಟ್ರೋಲಲ್ಲಿ ಓಡ್ತಿತ್ತು. ಈಗ ನೀನು ಹಾಕಿದೀಯಲ್ಲ, ಓಡೋದೇ ಇಲ್ಲ."

ಮಾಮನಿಗೆ ಅರ್ಥವಾಗಲು ಎಷ್ಟು ಹೊತ್ತು ಬೇಕಾಯಿತೋ ಅಷ್ಟೂ ಹೊತ್ತು ನಾನು ಪೆನ್ನಿನ ಕಡೆ ನೋಡುತ್ತಿದ್ದೆ.

"ಲೇ ಕತ್ತೆ! ಕಿಟಕಿಯಿಂದ ನೋಡ್ತಾ ಕೂತಿದ್ಯಾ? ಕೈ ಮರಗಟ್ಟೋ ಚಳೀಲಿ ಇಪ್ಪತ್ತು ನಿಮಿಷ ಆಲಿಕೆ ಹಿಡ್ಕೊಂಡಿದ್ದೀನಿ ಕಣೋ!"

"ಹೇಳೋಣ ಅಂದ್ಕೊಂಡೆ."

"ಯಾವಾಗ? ತುಂಬಿ ಚೆಲ್ಲಿದ ಮೇಲಾ?"

ಪೆಟ್ರೋಲಿಗಿಂತ ಅವನಿಗೆ ಆಲಿಕೆಯದೇ ನೋವು ಹೆಚ್ಚಾಗಿತ್ತು. ಬಹಳ ಹೊತ್ತು ಬೈದ. ಬೈದು ಮುಗಿದ ಮೇಲೆ ಮತಕ್ಕೆ ಹಾಕಿದರು. ಕೈ ಎತ್ತುವಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪೆಟ್ರೋಲಿಗೆ ಏಳು, ಡೀಸೆಲ್ಲಿಗೆ ಆರು. ಏಳನೆಯ ಕೈ ಎಲ್ಲಕ್ಕಿಂತ ತಡವಾಗಿ, ಕಿವಿ ತುರಿಸಿಕೊಳ್ಳುವ ನೆಪದಲ್ಲಿ ಮೇಲೆ ಬಂತು. ಅದು ಡೆಲ್ಮರ್ ಮಾಮನದು.

"ಪುಟ್ಟಿ," ಎಂದ ಅವನು ನನ್ನ ಕಡೆ ತಿರುಗಿ. "ಒಂದು ಹೊಸ ಪಿಕಪ್ಪು ಕೊಳ್ಳೋದು ಅಂತ ಬರ್ಕೋ, ಸಾಕು. ಯಾವುದ್ರಲ್ಲಿ ಓಡತ್ತೆ ಅನ್ನೋದೆಲ್ಲ ಬೇಡ. ಪಕ್ಕದೂರಿನ ದಳದವರು ಈ ಪುಸ್ತಕ ನೋಡ್ತಾರೆ."

ಆ ಶೆಡ್ಡಿನಲ್ಲಿ ನಾನು ಎಂದೂ ಬಾಯಿ ತೆರೆದವಳಲ್ಲ. ಪೆನ್ನು ಕೆಳಗಿಟ್ಟೆ.

"ಬರೀದೆ ಇದ್ರೆ," ಎಂದೆ, "ಬೆಂಕಿ ಬಿದ್ದ ದಿನ ಯಾರಾದ್ರೂ ಅದಕ್ಕೂ ಡೀಸೆಲ್ ತುಂಬಿಸ್ತಾರೆ, ಮಾಮ."

ಹದಿಮೂರು ಜನರೂ ಕಿಟಕಿಯಾಚೆಗಿನ ನಮ್ಮ ಬಿಳಿ ಗಾಡಿಯನ್ನು ನೋಡಿದರು.

"ದೊಡ್ಡಕ್ಷರದಲ್ಲಿ ಬರಿ," ಎಂದು ಡೆಲ್ಮರ್ ಮಾಮ ಟ್ಯಾಂಕು ಬಸಿಯುವ ಪೈಪು ಹುಡುಕಲು ಎದ್ದ.