ತಿಗಣೆ ಡಾಕ್ಟರ ಮನೆಯ ಬಸವನಹುಳು

ಇಪ್ಪತ್ತಾರು ವರ್ಷದಿಂದ ಕಂಡವರ ಮನೆಯ ಜಿರಳೆ, ಗೆದ್ದಲು, ತಿಗಣೆಗಳ ವಂಶ ನಿರ್ವಂಶ ಮಾಡಿಕೊಂಡು ಬಂದ ಮನುಷ್ಯ, ತನ್ನ ಮನೆಯ ಮೀನಿನ ತೊಟ್ಟಿಯಲ್ಲೇ ಬಸವನಹುಳುಗಳು ಸಂಸಾರ ಹೂಡಿವೆ ಎಂದು ಗೊತ್ತಾದಾಗ ಏನು ಮಾಡಬೇಕು? ಈತ ಮೊದಲು ಮಾಡಿದ್ದು ಕಿಟಕಿಯ ಪರದೆ ಎಳೆದದ್ದು. ಹುಳು ಇದ್ದರೆ ಇರಲಿ, ಎದುರುಮನೆಯವರಿಗೆ ಕಾಣಬಾರದು.

ಬೀದಿಯವರೆಲ್ಲ ಅವರನ್ನು ಕರೆಯುವುದು ತಿಗಣೆ ಡಾಕ್ಟ್ರು ಎಂದು. ಮೊದಮೊದಲು ಈ ಬಿರುದು ಕೇಳಿ ಮೈಯೆಲ್ಲ ಉರಿಯುತ್ತಿತ್ತು. ಈಗ ಫೋನ್ ಎತ್ತಿದರೆ ತಾವೇ "ಹಲೋ, ತಿಗಣೆ ಡಾಕ್ಟ್ರು" ಎನ್ನುತ್ತಾರೆ. ಹುಳ ಹೊಡೆಯುವ ಕಂಪನಿಯ ಬೂದು ಬಣ್ಣದ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು. ಗಿರಾಕಿಯ ಮನೆಗೆ ಹೋದರೆ ಮದ್ದಿನ ಮುಚ್ಚಳ ತೆಗೆಯುವ ಮುಂಚೆ ಕಾಲು ಗಂಟೆ ಪ್ರವಚನ. "ಹುಳ ತಾನಾಗಿ ಬರಲ್ಲಮ್ಮಾ. ಯಾರೋ ಒಬ್ರು ತಂದಿರ್ತಾರೆ, ಯಾರೋ ಒಬ್ರು ಊಟ ಹಾಕ್ತಿರ್ತಾರೆ. ಆ ಇಬ್ರು ಯಾರು ಅಂತ ಮೊದ್ಲು ಹೇಳಿ, ಆಮೇಲೆ ಮದ್ದು." ಹೀಗೆ ಹೇಳುವಾಗ ಅವರ ಒಂದು ಹುಬ್ಬು ತಾನಾಗಿ ಮೇಲೇರುತ್ತದೆ. ಅದನ್ನು ಅವರು ಕನ್ನಡಿಯಲ್ಲಿ ನೋಡಿಕೊಂಡಿದ್ದೂ ಉಂಟು, ಮೆಚ್ಚಿಕೊಂಡಿದ್ದೂ ಉಂಟು.

ಈಗ ತಂದವರು ಯಾರು? ಅದಕ್ಕೆ ಪತ್ತೇದಾರಿಕೆ ಏನೂ ಬೇಕಿರಲಿಲ್ಲ. ಮಗಳಿಗೆ ಆಸ್ಪತ್ರೆಯ ರಕ್ತ ಪರೀಕ್ಷೆ ಲ್ಯಾಬಿನಲ್ಲಿ ಕೆಲಸ ಸಿಕ್ಕ ದಿನ, ಅವಳ ತೊಟ್ಟಿಗೆ ಇರಲಿ ಎಂದು ಸಾಕುಮೀನಿನ ಅಂಗಡಿಯಿಂದ ಒಂದು ಕಟ್ಟು ನೀರುಗಿಡ ತಂದು, ತೊಳೆಯದೆ, ತಿರುಗಿಸಿಯೂ ನೋಡದೆ, ಟಪ್ ಎಂದು ನೀರಿಗೆ ಹಾಕಿದ್ದು ಸಾಕ್ಷಾತ್ ಡಾಕ್ಟರೇ. ಹಳೇ ಮಂಚ ಮನೆಯೊಳಗೆ ತರುವ ಮುಂಚೆ ಸಂದುಸಂದು ನೋಡಿ ಎಂದು ಊರಿಗೆಲ್ಲ ಉಪದೇಶ ಮಾಡುವ ಮಹಾಶಯರು. ಎಲೆಯ ಅಡಿಯಲ್ಲಿ ಅಂಟಿನ ಹನಿಯಂತಿದ್ದ ಮೊಟ್ಟೆಗಳು ಹದಿನೈದು ದಿನದಲ್ಲಿ ಒಡೆದವು. ಎರಡು ತಿಂಗಳಾಗುವಷ್ಟರಲ್ಲಿ, ಕಾಲೇ ಇಲ್ಲದ ಆ ಪ್ರಾಣಿಗಳಿಗೆ ಗಾಜಿನ ಮೇಲೆ ಕಾಲಿಡಲು ಜಾಗವಿರಲಿಲ್ಲ.

ತೊಟ್ಟಿ ಹಾಲ್‌ನಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕದ ಮೇಜಿನ ಮೇಲಿತ್ತು. ಅದರಲ್ಲಿದ್ದದ್ದು ಒಂದೇ ಒಂದು ಗೋಲ್ಡ್‌ಫಿಶ್. ದಪ್ಪಗೆ, ಕೆಂಪಗೆ, ಯಾವಾಗಲೂ ಬಾಯಿ ತೆರೆದುಕೊಂಡೇ ಇರುವ ಅದು ಥೇಟ್ ಡಾಕ್ಟರ ಅಣ್ಣನ ಹಾಗಿದೆ ಎಂದು ಮಗಳು ಆರು ವರ್ಷದ ಹಿಂದೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಪ್ಪ ಮಗಳು ಅದರ ಮುಂದೆ ಹದಿನೈದು ನಿಮಿಷ ನಿಲ್ಲುವುದು ವಾಡಿಕೆ. ಅವಳು ಗಾಜು ಒರೆಸುತ್ತಾಳೆ, ಇವರು ಬಕೆಟ್ ಹಿಡಿಯುತ್ತಾರೆ. "ದೊಡ್ಡಪ್ಪ ಇವತ್ತು ಸಪ್ಪಗಿದಾನೆ." "ದೊಡ್ಡಮ್ಮ ಬೈದಿರ್ಬೇಕು." ಇಷ್ಟೇ. ಇದನ್ನು ಬಿಟ್ಟರೆ ಇಬ್ಬರ ನಡುವೆ ಮಾತು ಕಡಿಮೆ. ಮಗಳು ದೊಡ್ಡವಳಾದ ಮೇಲೆ ಅವಳ ಹತ್ತಿರ ಏನು ಮಾತಾಡಬೇಕೆಂದು ಡಾಕ್ಟರಿಗೆ ತಿಳಿಯುತ್ತಿರಲಿಲ್ಲ. ದೊಡ್ಡಪ್ಪ ಇರದಿದ್ದರೆ ಇಷ್ಟೂ ಇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಾಜು ಒರೆಸುತ್ತಲೇ ಮಗಳು ಹೇಳಿದಳು. "ಅಪ್ಪಾ, ಇನ್ನು ಆರು ವಾರ ಕಳೆದ್ರೆ ನಂಗೆ ಬೆಳಿಗ್ಗೆ ಆರಕ್ಕೇ ಡ್ಯೂಟಿ. ಇಲ್ಲಿಂದ ಓಡಾಡೋಕೆ ಆಗಲ್ಲ. ಆಸ್ಪತ್ರೆ ಹತ್ರ ಒಂದು ರೂಮ್ ನೋಡಿದೀನಿ. ಜೊತೆಗೆ ಒಬ್ಬಳು ನರ್ಸ್ ಇರ್ತಾಳೆ."

"ಒಳ್ಳೇದಾಯ್ತು" ಎಂದರು ಡಾಕ್ಟರು, ಬಕೆಟ್ಟಿಗೆ ಹೇಳುವ ಹಾಗೆ.

"ದೊಡ್ಡಪ್ಪನ್ನೂ ಕರ್ಕೊಂಡು ಹೋಗ್ಬೇಕು ಅಂತಿದೀನಿ. ಆದ್ರೆ ಆ ನರ್ಸಿಗೆ ತೆವಳೋದು ಏನು ಕಂಡ್ರೂ ಆಗಲ್ಲ. ಒಂದೇ ಒಂದು ಬಸವನಹುಳ ಇದ್ರೂ ತೊಟ್ಟಿ ತರಬೇಡ ಅಂದಿದಾಳೆ. ಹುಳ ಹೋದ್ರೆ ತಗೊಂಡು ಹೋಗ್ತೀನಿ, ಇಲ್ಲಾಂದ್ರೆ ಇಲ್ಲೇ ಇರ್ಲಿ."

"ಆರು ವಾರ ಯಾಕೆ? ನಂಗೆ ಆರು ದಿನ ಸಾಕು" ಎಂದು ಡಾಕ್ಟರು ಎದೆ ತಟ್ಟಿಕೊಂಡರು. ಮಗಳು ಹೋಗುತ್ತಾಳೆ ಎಂದು ಕೇಳಿದ ಮೇಲೆ ಖಾಲಿ ಬಕೆಟ್ಟನ್ನೇ ಎರಡು ಸಲ ಹೊರಗೆ ಚೆಲ್ಲಿ ಬಂದದ್ದನ್ನು ಅವರು ವೃತ್ತಿಯ ಆವೇಶ ಎಂದೇ ತಿಳಿದರು.

ಮದ್ದು ಹಾಕುವಂತಿರಲಿಲ್ಲ. ಸಾಕುಮೀನಿನ ಅಂಗಡಿಯವನು ಎಚ್ಚರಿಸಿದ್ದ. "ಮದ್ದು ಹಾಕಿದ್ರೆ ಹುಳ ಎಲ್ಲ ಒಟ್ಟಿಗೇ ಸಾಯುತ್ತೆ ಸಾರ್. ಸತ್ತಿದ್ದು ಕೊಳೆತು ನೀರು ಕೆಡುತ್ತೆ, ಮೀನೂ ಹಿಂದೇನೇ ಹೋಗುತ್ತೆ. ಮಲಗೋ ಮುಂಚೆ ಸೌತೆಕಾಯಿ ಬಿಲ್ಲೆ ಇಳಿಬಿಡಿ. ಹುಳ ಬಂದು ಅದಕ್ಕೆ ಮೆತ್ಕೊಳ್ಳುತ್ತೆ, ಆಮೇಲೆ..." ಆಮೇಲಿನದನ್ನು ಡಾಕ್ಟರು ಕಿವಿಗೆ ಹಾಕಿಕೊಳ್ಳಲಿಲ್ಲ. ಹುಳಕ್ಕೆ ಆಮಿಷ ಇಡುವುದನ್ನು ಇವನಿಂದ ಕಲಿಯಬೇಕೇ?

ಜಿರಳೆಗೆ ಆಮಿಷ ಇಟ್ಟರೆ ಅದಕ್ಕೊಂದು ನಿಯಮವಿದೆ. ಮೂರು ದಿನ ಯಾರೂ ಮುಟ್ಟಬಾರದು. ಜಿರಳೆ ತಿನ್ನಬೇಕು, ಗೂಡಿಗೆ ಹೋಗಬೇಕು, ಅಲ್ಲಿ ಸಾಯಬೇಕು. ಡಾಕ್ಟರು ಎರಡು ಬಿಲ್ಲೆ ಸೌತೆಕಾಯಿಯನ್ನು ಚಮಚಕ್ಕೆ ಕಟ್ಟಿ ತಳಕ್ಕೆ ಇಳಿಬಿಟ್ಟು, ತೊಟ್ಟಿಯ ಮೇಲೆ ಕಂಪನಿಯ ಹಳದಿ ಚೀಟಿ ಅಂಟಿಸಿದರು. 'ಮೂರು ದಿನ ಮುಟ್ಟಬಾರದು.' ಮೂರು ದಿನ ಕಳೆದ ಮೇಲೆ ಹೊಸ ಬಿಲ್ಲೆ, ಹೊಸ ಚೀಟಿ. ಹತ್ತು ದಿನವಾದ ಮೇಲೆ ಟಾರ್ಚು ಹಾಕಿ ಎಣಿಸಿದರು. ನೂರಾ ಹತ್ತು ಇದ್ದದ್ದು ನೂರಾ ತೊಂಬತ್ತಾಗಿತ್ತು.

ಹಾಲ್‌ನ ಇನ್ನೊಂದು ಮೂಲೆಯಲ್ಲಿ ಅವರ ಹೆಂಡತಿಯ ಹೊಲಿಗೆ ಯಂತ್ರ. ಬೀದಿಯವರ ಬಟ್ಟೆಯೆಲ್ಲ ಹೊಲಿಯುವವಳು ಅವಳೇ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳಿದಳು. "ರೀ, ಆ ಸೌತೆಕಾಯಿಲಿ ವಿಷ ಇದೆಯಾ?"

"ಇಲ್ಲ. ಮೀನಿದೆಯಲ್ಲೇ."

"ಮತ್ತೆ ಅದನ್ನ ತಿಂದು ಅವು ಯಾಕೆ ಸಾಯ್ತವೆ?"

ಡಾಕ್ಟರ ಹುಬ್ಬು ಮೇಲೇರಿತು. ಹಾಗೇ ಕೆಳಗಿಳಿಯಿತು. ಹತ್ತು ದಿನದಿಂದ ಅವರು ಬಸವನಹುಳುಗಳಿಗೆ ಪುಕ್ಕಟೆ ಊಟದ ಮನೆ ನಡೆಸುತ್ತಿದ್ದರು. ಉಣ್ಣುವವರಿಗೆ ಯಾರೂ ತೊಂದರೆ ಕೊಡಬಾರದೆಂದು ಬೋರ್ಡು ಬೇರೆ. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಅಂಗಡಿಯವನಿಗೆ ಫೋನ್ ಮಾಡಿ, ಉಳಿದರ್ಧ ಮಾತನ್ನೂ ಕೇಳಿಸಿಕೊಂಡರು. ಬೆಳಿಗ್ಗೆ ಎದ್ದ ತಕ್ಷಣ ಬಿಲ್ಲೆಯನ್ನು ಹುಳುಗಳ ಸಮೇತ ಎತ್ತಿ ಹೊರಗೆ ಹಾಕಬೇಕಂತೆ.

ಎತ್ತಿದರು. ಮೊದಲ ದಿನ ನಲವತ್ತು, ಮರುದಿನ ಮೂವತ್ತು. ಆದರೂ ವಾರದ ಕೊನೆಗೆ ಎಣಿಸಿದರೆ ಮರಿಗಳೆಲ್ಲ ಸೇರಿ ಮತ್ತೆ ಅಷ್ಟೇ.

ಆ ವಾರವೇ ಹಳೇ ಗಿರಾಕಿ ಸ್ಟೆನೋ ಮೇಡಂ ಫೋನ್ ಮಾಡಿದರು. ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಒಬ್ಬರೇ ಇರುವವರು, ಆಫೀಸಿನ ಸ್ಟೆನೋ ಕೆಲಸದಿಂದ ನಿವೃತ್ತರಾಗಿ ಹತ್ತು ವರ್ಷ. ತಿಂಗಳಿಗೊಮ್ಮೆ ಅವರಿಗೆ ಒಂದು ಜಿರಳೆ ಕಾಣುತ್ತದೆ. ಡಾಕ್ಟರು ಹೋಗಿ ಸಿಂಕಿನ ಕೆಳಗೆ, ಕಪಾಟಿನ ಹಿಂದೆ, ಬಗ್ಗಿ ಎದ್ದು ಹುಡುಕುತ್ತಾರೆ. ನಾಲ್ಕು ವರ್ಷದಿಂದ ಆ ಮನೆಯಲ್ಲಿ ಜಿರಳೆಯ ಮೀಸೆ ಕೂಡ ಕಂಡಿಲ್ಲ. ಆದರೆ ಇವರು ಬಾಗಿಲು ತಟ್ಟುವ ಮುಂಚೆಯೇ ಮೇಜಿನ ಮೇಲೆ ತೊಳೆದ ಎರಡು ಟೀ ಕಪ್ಪು ಕೂತಿರುತ್ತವೆ. "ಇತ್ತು, ಬೆಳಿಗ್ಗೆ ಇತ್ತು" ಎನ್ನುತ್ತಾರೆ ಮೇಡಂ, ಮೂಲೆಯ ಕಡೆ ನೋಡದೆ ಇವರ ಮುಖವನ್ನೇ ನೋಡುತ್ತ. ಡಾಕ್ಟರು ಟೀ ಕುಡಿದು ಗಿರಾಕಿ ಕಾರ್ಡಿನಲ್ಲಿ ಬರೆಯುತ್ತಾರೆ: 'ಕಂಡುಬಂದಿದೆ. ಮುಂದಿನ ಭೇಟಿ ಅಗತ್ಯ.' ಇಡೀ ವೃತ್ತಿಯಲ್ಲಿ ಅವರು ಬರೆದ ಸುಳ್ಳು ಅದೊಂದೇ. ಅದು ಕಂಪನಿಗೂ ಗೊತ್ತಿಲ್ಲ, ಹೆಂಡತಿಗೂ ಗೊತ್ತಿಲ್ಲ.

ಆ ದಿನ ಟೀ ಕುಡಿಯುತ್ತ ಬಸವನಹುಳುವಿನ ಗೋಳು ಹೇಳಿಕೊಂಡರು. ಮೇಡಂ ಎಲ್ಲ ಕೇಳಿ, "ಮೊದಲ ಸಲ ಬಂದಾಗ ನನ್ನನ್ನ ಕೂರಿಸ್ಕೊಂಡು ಕೇಳಿದ್ರಲ್ಲ, ಯಾರು ಊಟ ಹಾಕ್ತಿದಾರೆ ಅಂತ. ಅದನ್ನ ನಿಮ್ಮನೇಲಿ ಕೇಳಿದ್ರಾ?" ಎಂದರು.

ಡಾಕ್ಟರು ನಾಲಿಗೆ ಕಚ್ಚಿಕೊಂಡರು. ಮನೆಗೆ ಬಂದವರೇ ವಿಚಾರಣೆ ಶುರು ಮಾಡಿದರು. ಮಗಳು ದಿನಕ್ಕೆ ಒಂದೇ ಸಲ, ಬೆಳಿಗ್ಗೆ, ಒಂದು ಚಿಟಿಕೆ ಎಂದಳು. ಹೆಂಡತಿ ಆ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದಳು. ಆದರೆ ಮೀನಿನ ಊಟದ ಡಬ್ಬಿ ನೋಡನೋಡುತ್ತ ಖಾಲಿಯಾಗುತ್ತಿತ್ತು. ಅಂದರೆ ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಇಲಿ ಓಡಾಡುವ ದಾರಿ ಹುಡುಕಲು ಡಾಕ್ಟರ ಹತ್ತಿರ ಒಂದು ಉಪಾಯವಿತ್ತು: ಅನುಮಾನ ಬಂದ ಕಡೆ ಪೌಡರ್ ಎರಚಿದರೆ ಹೆಜ್ಜೆ ಬೀಳುತ್ತದೆ. ಮರುದಿನ ಬೆಳಿಗ್ಗೆ ಮಗಳು ಮೀನಿಗೆ ಊಟ ಹಾಕಿದ ಮೇಲೆ ಡಬ್ಬಿಗೆ ತೆಳ್ಳಗೆ ಮೈಗೆ ಹಾಕುವ ಪೌಡರ್ ಬಳಿದಿಟ್ಟು, ಕಳ್ಳರನ್ನು ಹಿಡಿದೇ ಬಿಡುವ ಹುರುಪಿನಲ್ಲಿ ಕೆಲಸಕ್ಕೆ ಹೊರಟರು.

ಸಂಜೆ ಡಬ್ಬಿಯ ಮೈ ತುಂಬ ಬೆರಳಿನ ಗುರುತು. ತಾಯಿ ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಹುಬ್ಬು ಏರಿಸಿ, ಡಬ್ಬಿ ತೋರಿಸಿ ಡಾಕ್ಟರು ಗುಡುಗಿದರು. "ಯಾರ್ದು ಈ ಬೆರಳು? ಈಗ್ಲೇ ಒಪ್ಕೊಂಡ್ರೆ ಒಳ್ಳೇದು!"

ಹೆಂಡತಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿ ಚುಚ್ಚಿಡುವ ಮೆತ್ತೆಗೆ ಚುಚ್ಚಿದಳು. "ಕನ್ನಡಿ ನೋಡ್ಕೊಂಡು ಬನ್ನಿ."

ಬೂದು ಅಂಗಿಯ ಜೇಬಿನ ಮೇಲೆ ಬಿಳಿ ಬೆರಳು. ಪ್ಯಾಂಟಿನ ತೊಡೆಯ ಮೇಲೆ ಬಿಳಿ ಅಂಗೈ. ಮೀಸೆಯ ಎಡಭಾಗ ಒಂದೇ ದಿನದಲ್ಲಿ ನರೆತಿತ್ತು.

ಆಗ ಒಂದೊಂದಾಗಿ ನೆನಪಾಯಿತು. ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಚಿಟಿಕೆ. ಮಧ್ಯಾಹ್ನ ಊಟಕ್ಕೆ ಬಂದಾಗ ಒಂದು, ಹೋಗುವಾಗ ಇನ್ನೊಂದು. ಸಂಜೆ ಚೀಲ ಇಳಿಸುವ ಮುಂಚೆ ಮತ್ತೊಂದು. ಅವರನ್ನು ಕಂಡ ಕೂಡಲೇ ದೊಡ್ಡಪ್ಪ ಬಾಲ ಬೀಸಿಕೊಂಡು ಬಂದು ಬಾಯಿ ತೆರೆಯುತ್ತಿದ್ದ, ಇವರ ಕೈ ಡಬ್ಬಿಗೆ ಹೋಗುತ್ತಿತ್ತು. ಅದನ್ನು ಅವರು ಊಟ ಹಾಕುವುದು ಎಂದು ಎಣಿಸಿಯೇ ಇರಲಿಲ್ಲ. ಅವರ ಪಾಲಿಗೆ ಅದು ಮಾತಾಡಿಸುವುದು. ಹೊಟ್ಟೆ ಬಿರಿಯ ತಿಂದ ದೊಡ್ಡಪ್ಪ ಅರ್ಧ ಉಗುಳುತ್ತಿದ್ದ, ಉಗುಳಿದ್ದೆಲ್ಲ ಹುಳುಗಳ ಪಾಲು. ಹಸಿದಿದ್ದರೆ ಅವನೇ ಮರಿಹುಳುಗಳನ್ನು ಹೆಕ್ಕಿ ತಿಂದು ಮುಗಿಸುತ್ತಿದ್ದ ಎಂಬುದೂ ಆಮೇಲೆ ಅಂಗಡಿಯವನಿಂದ ತಿಳಿಯಿತು.

ಮಗಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸುಸ್ತಾಗಿ ಮುಖ ತೊಳೆಯಲು ಒಳಗೆ ಹೋದ ಮೇಲೆ ಹೆಂಡತಿ ದನಿ ತಗ್ಗಿಸಿ ಹೇಳಿದಳು. "ತೊಟ್ಟಿ ಹೋಗೋದು ನಿಮಗೆ ಬೇಡ. ಹಾಗಂತ ಬಾಯಿಬಿಟ್ಟು ಹೇಳಬಹುದಿತ್ತು."

"ನಾನು ಬೇಕೂ ಅಂತ ಮಾಡಿದ್ದಲ್ವೇ."

"ಗೊತ್ತು. ಬೇಕೂ ಅಂತ ಮಾಡಿದ್ರೆ ಇಷ್ಟು ಚೆನ್ನಾಗಿ ಆಗ್ತಿರಲಿಲ್ಲ."

ಡಾಕ್ಟರು ಮೀಸೆ ಒರೆಸಿಕೊಂಡರು. ನಾಚಿಕೆಯೂ ಆಯಿತು, ದುಃಖವೂ ಆಯಿತು. ಯಾವುದು ಹೆಚ್ಚೆಂದು ಕೇಳಿದರೆ ದುಃಖವೇ ಹೆಚ್ಚು. "ಅವಳೂ ಹೋಗಿ ಅದೂ ಹೋದ್ರೆ ಬೆಳಿಗ್ಗೆ ನಾನು ಯಾರ ಹತ್ರ ಮಾತಾಡ್ಲಿ?"

"ನಾನಿಲ್ವಾ?"

"ನಿನ್ನ ಬಾಯಲ್ಲಿ ಯಾವಾಗ್ಲೂ ಸೂಜಿ ಇರುತ್ತಲ್ಲೇ."

ಇನ್ನೂ ಮೂರು ವಾರ ಉಳಿದಿತ್ತು. ಸುಮ್ಮನೆ ಇನ್ನೆರಡು ಚಿಟಿಕೆ ಉದುರಿಸಿಕೊಂಡು ಹೋಗಿದ್ದರೆ ತೊಟ್ಟಿ ಇಲ್ಲೇ ಉಳಿಯುತ್ತಿತ್ತು. ಆದರೆ ಈಗ ಗೊತ್ತಿದ್ದೂ ಮಾಡಬೇಕು, ಮಗಳ ಮುಖ ನೋಡಿಕೊಂಡು ಮಾಡಬೇಕು. ಅಷ್ಟು ಧೈರ್ಯ ಡಾಕ್ಟರಿಗಿರಲಿಲ್ಲ. ಮರುದಿನ ಬೆಳಿಗ್ಗೆ ಡಬ್ಬಿಯನ್ನು ಮಗಳ ಕೈಗೆ ಕೊಟ್ಟು, "ಇದನ್ನ ನಿನ್ನ ಬ್ಯಾಗಲ್ಲಿಟ್ಕೊಂಡು ಹೋಗು. ನಾನು ಕೇಳಿದ್ರೂ ಕೊಡಬೇಡ" ಎಂದರು. ಗಿಡವನ್ನು ಕಿತ್ತೆಸೆದರು. ತಳದ ಕಲ್ಲುಗಳನ್ನು ಬಕೆಟ್ಟಿನಲ್ಲಿ ಅಕ್ಕಿ ತೊಳೆದಂತೆ ತೊಳೆದರು. ಗಾಜಿನ ಮೂಲೆಯ ಮೊಟ್ಟೆಗಳನ್ನು ಹಳೇ ಬ್ಲೇಡಿನಿಂದ ಕೆರೆದರು. ದೊಡ್ಡಪ್ಪ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದು, ಮೂರನೇ ದಿನ ಮರಿಹುಳುಗಳ ಬೆನ್ನು ಹತ್ತಿದ. ಇಪ್ಪತ್ತನೇ ದಿನ ಡಾಕ್ಟರು ಟಾರ್ಚು ಹಾಕಿ ಒಂದು ಗಂಟೆ ನೋಡಿದರು. ಏನೂ ಇರಲಿಲ್ಲ. ಅಷ್ಟು ಚೊಕ್ಕಟವಾದ ಕೆಲಸವನ್ನು ಅವರು ಯಾವ ಗಿರಾಕಿಗೂ ಮಾಡಿಕೊಟ್ಟಿರಲಿಲ್ಲ, ಯಾವ ಕೆಲಸಕ್ಕೂ ಇಷ್ಟು ಕಡಿಮೆ ಸಂತೋಷಪಟ್ಟಿರಲಿಲ್ಲ.

ಭಾನುವಾರ ಬಾಡಿಗೆ ವ್ಯಾನು ಬಂತು. ದೊಡ್ಡಪ್ಪ ಮುಚ್ಚಳದ ಬಕೆಟ್ಟಿನಲ್ಲಿ ಮಗಳ ತೊಡೆಯ ಮೇಲೆ ಕೂತು ಹೋದ. ಮೇಜಿನ ಮೇಲೆ ತೊಟ್ಟಿ ಇದ್ದಷ್ಟು ಜಾಗದ ಬಣ್ಣ ಮಾತ್ರ ಹೊಸದಾಗಿ ಉಳಿಯಿತು. ಅದಾದ ಮೇಲೆ ಹಲವು ದಿನ ಡಾಕ್ಟರು ಚಪ್ಪಲಿ ಹಾಕಿಕೊಳ್ಳುವಾಗ ಕೈ ಆ ಕಡೆ ಹೋಗುತ್ತಿತ್ತು, ಖಾಲಿ ಮೇಜನ್ನು ಮುಟ್ಟಿ ವಾಪಸ್ ಬರುತ್ತಿತ್ತು. ಹೆಂಡತಿ ಬೆಳಗಿನ ಹೊತ್ತು ಬಾಯಿಗೆ ಸೂಜಿ ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಲು ಪ್ರಯತ್ನಪಟ್ಟರು, ಅಷ್ಟೇನೂ ಚೆನ್ನಾಗಿ ಬರಲಿಲ್ಲ.

ಎರಡನೇ ಶನಿವಾರ ಮಗಳ ಫೋನ್ ಬಂತು. "ಅಪ್ಪಾ, ತೊಟ್ಟಿಲಿ ಒಂದು ಬಸವನಹುಳ ಕಾಣಿಸ್ತು. ನಾಳೆ ಸ್ವಲ್ಪ ಬರೋಕಾಗುತ್ತಾ?"

ಡಾಕ್ಟರ ಮಾನ ಹೋದಂತಾಯಿತು. ತಾವೇ ಒಂದು ಗಂಟೆ ಟಾರ್ಚು ಹಾಕಿ ನೋಡಿದ್ದ ತೊಟ್ಟಿ! ಮರುದಿನ ಸಮವಸ್ತ್ರ ಹಾಕಿಕೊಂಡು, ಚೀಲ ತೂಗುಹಾಕಿಕೊಂಡು, ಎರಡು ಬಸ್ಸು ಬದಲಾಯಿಸಿ ಹೋದರು. ಸಣ್ಣ ರೂಮು. ನರ್ಸ್ ಡ್ಯೂಟಿಗೆ ಹೋಗಿದ್ದಳು. ಡಾಕ್ಟರು ಮೊಣಕಾಲೂರಿ ಟಾರ್ಚು ಹಾಕಿದರು. ಗಾಜು ನೋಡಿದರು, ಕಲ್ಲು ಕೆದಕಿದರು, ನೀರು ಸೋಸುವ ಯಂತ್ರ ಬಿಚ್ಚಿ ಅದರ ಸ್ಪಂಜನ್ನೂ ಹಿಂಡಿ ನೋಡಿದರು. ಹುಳುವಿರಲಿ, ಹುಳು ಹರಿದ ಗೆರೆ ಕೂಡ ಇರಲಿಲ್ಲ.

"ಎಲ್ಲಿ ಕಂಡಿದ್ದು ಪುಟ್ಟಿ?"

"ಇತ್ತು ಅಪ್ಪಾ. ಬೆಳಿಗ್ಗೆ ಇತ್ತು."

ಡಾಕ್ಟರು ತಿರುಗಿ ನೋಡಿದರು. ಮಗಳು ತೊಟ್ಟಿಯ ಕಡೆ ನೋಡುತ್ತಿರಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದಳು. ಅವಳ ಹಿಂದೆ ಮೇಜಿನ ಮೇಲೆ ತೊಳೆದ ಎರಡು ಕಪ್ಪು ಕೂತಿದ್ದವು.

ಅವರು ಮತ್ತೆ ಟಾರ್ಚು ಹಾಕಿ, ಆಗಲೇ ನೋಡಿದ್ದ ಮೂಲೆಗಳನ್ನೆಲ್ಲ ಇನ್ನೊಂದು ಸಲ ನಿಧಾನವಾಗಿ ನೋಡಿದರು. ಆಮೇಲೆ ಚೀಲದಿಂದ ಹೊಸ ಗಿರಾಕಿ ಕಾರ್ಡು ತೆಗೆದು, ಮೊಣಕಾಲ ಮೇಲಿಟ್ಟುಕೊಂಡು ಬರೆದರು: 'ಕಂಡುಬಂದಿದೆ. ಮುಂದಿನ ಭೇಟಿ ಅಗತ್ಯ.'