‘ಪಕ್ಕದ ಮನೆ’ಯ ಚರಿತ್ರೆ

“ಚರಿತ್ರೆ ಅಂದ್ರೆ ಸತ್ತೋರದ್ದಲ್ವೇನಮ್ಮಾ?” ಎಂದು ಸಂಪಾದಕಿ ಕೇಳಿದಾಗ ಉಪನ್ಯಾಸಕಿಯ ಪೆನ್ನು ನಿಂತಿತು.

ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವವಳು. ಮಾತಿಗೆ ತಡವರಿಸಿ ಗೊತ್ತಿಲ್ಲ. ಸಣ್ಣ ಪತ್ರಿಕೆಗಳ ಬಗ್ಗೆ ಪುಸ್ತಕ ಬರೀತಿದ್ದೀನಿ, ಅದರಲ್ಲಿ ‘ಪಕ್ಕದ ಮನೆ’ಗೊಂದು ಅಧ್ಯಾಯ ಎಂದು ಫೋನಿನಲ್ಲಿ ಹೇಳಿದ್ದಳು. ಗಂಡನಿಗೆ ಹೇಳಿದ್ದು ಇನ್ನೂ ಕಡಿಮೆ: “ಮೀಟಿಂಗ್ ಇದೆ.” ಯಾವ ಮೀಟಿಂಗ್ ಎಂದು ಅವನು ಕೇಳಲಿಲ್ಲ. ಅವರ ದಾಂಪತ್ಯ ಸುಸೂತ್ರವಾಗಿ ನಡೆದದ್ದೇ ಹೀಗೆ.

“ಪತ್ರಿಕೆ ಇನ್ನೂ ಬರ್ತಿದೆಯಲ್ಲ,” ಎಂದಳು.

“ಮುಂದಿನ ಸಂಚಿಕೆಯೇ ಕೊನೇದು. ಕಣ್ಣು ಕೈಕೊಟ್ಟಿದೆ.” ತನ್ನ ಮಾತಿಗೆ ತಾನೇ ನಕ್ಕು ಮುದುಕಿ ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.

ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆ. ಊಟದ ಮೇಜೇ ಕಚೇರಿ. ಕೆಳಗೆ ಮಿಷನ್ ಓಡಿದಾಗಲೆಲ್ಲ ಮೇಜಿನ ಮೇಲಿನ ಚಮಚ ಸಣ್ಣಗೆ ಅದುರುತ್ತಿತ್ತು. ಇಲ್ಲಿಂದಲೇ ಬಂತೆ ಅದು? ಹೆಣ್ಣನ್ನು ಪ್ರೀತಿಸುವ ಹೆಣ್ಣುಗಳಿಗೆಂದೇ ಒಂದು ಪತ್ರಿಕೆ. ಹೋರಾಟದ್ದಲ್ಲ, ಗೋಳಿನದ್ದಲ್ಲ, ಮನೆವಾರ್ತೆಯದ್ದು. ಪರದೆಗೆ ಯಾವ ಬಣ್ಣ, ಮನೆ ಓನರ್ ಕೊಂಕು ಮಾತಾಡಿದರೆ ಏನನ್ನಬೇಕು, ಫ್ಯೂಸ್ ಹಾಕುವುದು ಹೇಗೆ, ಇಬ್ಬರಲ್ಲಿ ಒಬ್ಬಳಿಗೆ ಗೊರಕೆಯಿದ್ದರೆ ಇನ್ನೊಬ್ಬಳ ಪಾಡೇನು.

“ಆಗ ಪೇಪರಿನಲ್ಲಿ ನಮ್ಮಂಥೋರ ಸುದ್ದಿ ಬರ್ತಿದ್ದದ್ದು ಬಾವಿಯಿಂದ ಎರಡು ಹೆಣ ಎತ್ತಿದಾಗ ಮಾತ್ರ,” ಎಂದಳು ಸಂಪಾದಕಿ. “ಅದಕ್ಕೇ ಒಂದು ನಿಯಮ ಮಾಡಿದೆ. ನನ್ನ ಪತ್ರಿಕೆಯಲ್ಲಿ ಯಾರೂ ಸಾಯಬಾರದು.”

“ಅಚ್ಚು ಹಾಕೋಕೆ ಯಾರು ಒಪ್ಪಿದ್ರು?”

“ಮೊದಲ ಪ್ರೆಸ್ಸಿನವನು ಓದಿಬಿಟ್ಟ. ಕೈಮುಗಿದು ವಾಪಸ್ ಕೊಟ್ಟ. ಎರಡನೆಯವನಿಗೆ ಓದೋ ಚಾಳಿ ಇರಲಿಲ್ಲ. ದೇವರಂಥ ಮನುಷ್ಯ.”

“ಪತ್ರಿಕೆಗೆ ಈ ಹೆಸರು?”

“ಬೀದಿಯೋರು ನಮ್ಮಿಬ್ರನ್ನ ‘ಪಕ್ಕದ ಮನೆ ಅಕ್ಕತಂಗೀರು’ ಅಂತಿದ್ರು. ಅಕ್ಕತಂಗೀರನ್ನ ಬಿಟ್ಟು ಮಿಕ್ಕದ್ದು ಇಟ್ಕೊಂಡ್ವಿ.”

ಉಪನ್ಯಾಸಕಿ ಬರೆದುಕೊಂಡಳು. ತಾನು ಇದನ್ನು ಹಾಸ್ಟೆಲ್ಲಿನ ಬಚ್ಚಲಲ್ಲಿ, ನಲ್ಲಿ ಬಿಟ್ಟುಕೊಂಡು ಓದುತ್ತಿದ್ದೆ ಎಂದು ಅವಳು ಹೇಳಲಿಲ್ಲ. ಮೊದಲು ತಿರುವುತ್ತಿದ್ದದ್ದು ಸಂಪಾದಕಿಯೇ ಬರೆಯುವ ‘ನಮ್ಮಿಬ್ಬರ ಮನೆ’ ಅಂಕಣ. ‘ನಾನು’ ಮತ್ತು ‘ಅವಳು’. ಅವಳು ಹಾಲು ಉಕ್ಕಿಸುತ್ತಾಳೆ, ನಾನು ರೇಗುತ್ತೇನೆ. ಮಧ್ಯಾಹ್ನದ ಹೊತ್ತಿಗೆ ರಾಜಿ. ರೂಮಿನ ಗೆಳತಿ ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಹೋದಾಗಲೂ, ತಾನು ಮದುವೆಗೆ ತಲೆಯಾಡಿಸಿದಾಗಲೂ, ಆ ಮನೆ ಎಲ್ಲೋ ಇದೆ ಎಂಬುದೊಂದು ಗೊತ್ತಿತ್ತು. ಸಮುದ್ರ ನೋಡದವರಿಗೂ ಅದು ಇದೆ ಎಂದು ಗೊತ್ತಿರುವ ಹಾಗೆ.

ಈಗ ಅದರೊಳಗೇ ಕೂತಿದ್ದಾಳೆ. ಒಳಕೋಣೆಯ ಕಡೆ ಕಣ್ಣು ಹೋಯಿತು.

“ಅವರು ಎಲ್ಲಿ?”

“ಯಾರು?”

“ಅಂಕಣದ… ‘ಅವಳು’.”

“ಅವಳಾ? ಎರಡನೇ ಸಂಚಿಕೆ ಅಚ್ಚಿಗೆ ಹೋದ ವಾರ ಹೋದ್ಲು.”

“ತೀರಿಕೊಂಡ್ರಾ?”

“ಛೆ! ಮದುವೆ ಮಾಡ್ಕೊಂಡ್ಲು.”

ಉಪನ್ಯಾಸಕಿ ಲೆಕ್ಕ ಹಾಕಿದಳು. ಎರಡನೇ ಸಂಚಿಕೆ. ಆಗ ತಾನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ.

“ಮತ್ತೆ ಅಷ್ಟು ವರ್ಷದ ಅಂಕಣ? ಆ ಹಾಲು, ಪರದೆ, ಜಗಳ?”

“ನಿಲ್ಲಿಸೋಕಾಗತ್ತಾ? ಓದೋರು ಕಾಯ್ತಿದ್ರು. ಜಗಳಕ್ಕೆ ಇಬ್ರು ಬೇಕು, ನಿಜ. ಎರಡೂ ಕಡೆ ನಾನೇ ಆಡಿದೆ. ಎಷ್ಟೋ ಸಲ ಅವಳೇ ಗೆದ್ಲು.”

ಮೋಸಹೋದೆ ಅನ್ನಿಸಬೇಕಿತ್ತು. ಅನ್ನಿಸುವ ಮುಂಚೆ ಫೋನ್ ಹೊಡೆದುಕೊಂಡಿತು. ಸಂಪಾದಕಿ ತಡಕಾಡಿ ಎತ್ತಿಕೊಂಡಳು. ಆಚೆ ಪತ್ರಿಕೆ ಓದುವ ಯಾರೋ ಹೆಂಗಸು, ದನಿ ಜೋರಾಗಿತ್ತು: “ನಿಮ್ಮೋರ ಮಂಡಿನೋವು ಹೇಗಿದೆ ಅಕ್ಕಾ? ನಮ್ಮೋಳಿಗೂ ಶುರುವಾಗಿದೆ.”

“ಪರವಾಗಿಲ್ಲ ಕಣೇ. ಮೆಟ್ಟಿಲು ಹತ್ತುವಾಗ ಗೊಣಗ್ತಾಳೆ, ಅಷ್ಟೆ. ನಿಮ್ಮೋಳಿಗೆ ಬಿಸಿನೀರಿನ ಶಾಖ ಕೊಡು. ಬೈಬೇಡ. ನಾನು ಬೈದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ಲು.”

ಮುದುಕಿಯ ಮುಖದಲ್ಲಿ ನಟನೆಯ ಸುಳಿವೇ ಇರಲಿಲ್ಲ. ಮಾತು ಬಿಟ್ಟವಳ ಮೇಲಿನ ಮುನಿಸು ತುಟಿಯಂಚಿನಲ್ಲಿ ನಿಜವಾಗಿಯೂ ಇತ್ತು. ಎಲ್ಲೋ ಒಂದೂರಿನಲ್ಲಿ ಈ ಸಂಜೆ ಒಬ್ಬಳು ಇನ್ನೊಬ್ಬಳ ಮಂಡಿಗೆ ಶಾಖ ಕೊಡುತ್ತಾಳೆ. ಹಾಗೆ ಎಷ್ಟು ಮನೆಗಳು! ಎಲ್ಲವೂ ಈ ಒಬ್ಬಂಟಿ ಮೇಜಿನಿಂದ ಎದ್ದವು. ದೊಡ್ಡ ಬೆಟ್ಟದ ಬುಡದಲ್ಲಿ ನಿಂತ ಹಾಗೆ ಉಪನ್ಯಾಸಕಿಗೆ ತಾನು ತೀರ ಸಣ್ಣವಳೆನಿಸಿತು.

“ಕೊನೇ ಅಂಕಣ ನೀನು ಬರೆದುಕೊಡು,” ಎಂದಳು ಸಂಪಾದಕಿ, ಫೋನಿಟ್ಟು.

“ನಾನಾ? ನಾನು ಮದುವೆಯಾದೋಳು.”

“ನಿಮ್ಮನೇಲಿ ಎಷ್ಟು ಜನ?”

“ಇಬ್ರು.”

“ಹೌದಾ?”

ಅವಳು ಬ್ಯಾಗಿನ ಜಿಪ್ಪು ಎಳೆದಳು. ಅದು ಮುಚ್ಚಿಯೇ ಇತ್ತು.

“ನೋಡ್ತೀನಿ,” ಎಂದಳು.

“ನೋಡು. ಆದ್ರೆ ಅಂಕಣದ ಆ ಇಬ್ರನ್ನ ಸಾಯಿಸ್ಬೇಡ. ಎಲ್ಲಿಗಾದ್ರೂ ಕಳಿಸು.”

ಬೀದಿಗಿಳಿದು ನಡೆಯುತ್ತಿದ್ದಾಗ ಗಂಡನ ಕರೆ ಬಂತು.

“ಮೀಟಿಂಗ್ ಮುಗೀತಾ?”

“ಮುಗೀತಾ ಇದೆ.”

“ಸರಿ.”

“ಸರಿ.”

ಅಂಕಣದ ಮೊದಲ ವಾಕ್ಯ ಮನಸ್ಸಿನಲ್ಲಿ ತಾನಾಗಿಯೇ ಹುಟ್ಟುತ್ತಿತ್ತು. ‘ನಾವು’ ಎಂದು ಶುರುವಾಗಿ ಅಲ್ಲೇ ನಿಂತಿತು. ಆ ಪದವನ್ನು ಎತ್ತಲು ಎಷ್ಟು ಬಲ ಬೇಕು ಎಂದು ಈಗ ತಿಳಿಯಿತು.

ತಿರುವಿನಲ್ಲಿ ಪೀಠೋಪಕರಣದ ಅಂಗಡಿ. ಗಾಜಿನಾಚೆ ಒಂದು ಮಲಗುವ ಕೋಣೆ ಹೂಡಿದ್ದರು. ಜೋಡಿ ಮಂಚ, ಪ್ಲಾಸ್ಟಿಕ್ ಬಿಚ್ಚದ ಎರಡು ದಿಂಬು, ಹೊತ್ತಿಸಿಟ್ಟ ದೀಪ. ಗೋಡೆ ಮೂರೇ. ಅವಳು ಎಷ್ಟು ಹೊತ್ತು ನಿಂತಿದ್ದಳೋ, ಅಂಗಡಿಯವನು ಹೊರಬಂದು, “ಮೇಡಂ, ಸ್ವಲ್ಪ ಹಿಂದೆ ಸರೀರಿ, ಅಂಗಡಿ ಮುಚ್ಬೇಕು,” ಎಂದ.

ಅವಳು ಹಿಂದೆ ಸರಿದಳು. ಶಟರು ಗಡಗಡ ಇಳಿಯಿತು. ಅವನು ಬೀಗ ಹಾಕಿ ಹೊರಟುಹೋದ. ಒಳಗಿನ ದೀಪ ಆರಿಸಿರಲಿಲ್ಲ. ಶಟರಿನ ಕೆಳಗಿಂದ ಬೆಳಕಿನದೊಂದು ಗೆರೆ ಫುಟ್‌ಪಾತಿನ ಮೇಲೆ ಹರಿದು, ಅವಳ ಕಾಲಬೆರಳುಗಳಿಗೆ ಸ್ವಲ್ಪ ಮುಂಚೆ ನಿಂತಿತ್ತು.