ಫೋಟೋದಷ್ಟು ಹೊತ್ತಿನ ಶಾಲು

ಮೂವತ್ತೆರಡನೆಯ ಶಾಲೂ ಅತಿಥಿಯೊಬ್ಬರ ಹೆಗಲೇರಿತು. ಆ ಹೆಗಲ ಮೇಲೆ ಆಗಲೇ ಎರಡಿದ್ದವು.

ಉದಗೀರದ ಸಮಾಜ ಭವನದಲ್ಲಿ ಹನ್ನೊಂದಕ್ಕೆ ಶುರುವಾದ ಗುಣವಂತ ವಿದ್ಯಾರ್ಥಿಗಳ ಸತ್ಕಾರ, ಎರಡಾದರೂ ವಿದ್ಯಾರ್ಥಿಗಳವರೆಗೆ ಬಂದಿರಲಿಲ್ಲ. ಉಪಾಧ್ಯಕ್ಷರಿಂದ ಅಧ್ಯಕ್ಷರಿಗೆ, ಅಧ್ಯಕ್ಷರಿಂದ ಉಪಾಧ್ಯಕ್ಷರಿಗೆ, ಇಬ್ಬರಿಂದಲೂ ಮಂಟಪ ಹಾಕಿದವನಿಗೆ. ಇನ್ನೊಂದು ತೆಂಗಿನಕಾಯಿ ಇಟ್ಟರೆ ವೇದಿಕೆ ಪಾತಾಳಕ್ಕೇ ಇಳಿಯುವಂತಿತ್ತು.

ಸ್ವಪ್ನಾಲಿ ಮೂರನೆಯ ಸಾಲಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಲೆಕ್ಕ ಹಾಕುತ್ತಿದ್ದಳು.

ಹೋದ ವರ್ಷ ಬಿ.ಎಸ್ಸಿ.ಯಲ್ಲಿ ಕಾಲೇಜಿಗೇ ಮೊದಲು. ಈಗ ಎಂ.ಎಸ್ಸಿ. ಮೊದಲ ಸೆಮಿಸ್ಟರಿನಲ್ಲಿ ಮೂರು ವಿಷಯ ನಪಾಸು. ಫಲಿತಾಂಶ ಬಂದು ಹತ್ತು ದಿನ. ಗುಂಜೋಟಿಯಲ್ಲಿರುವ ಅಪ್ಪನಿಗೆ ಇನ್ನೂ ಹೇಳಿಲ್ಲ. ಸತ್ಕಾರ ಹೋದ ವರ್ಷದ ಹುಡುಗಿಗೆ, ಕುರ್ಚಿಯಲ್ಲಿ ಕೂತವಳು ಬೇರೆ. ಇಬ್ಬರದೂ ಒಂದೇ ಚೂಡಿದಾರವಾದ್ದರಿಂದ ಯಾರಿಗೂ ಗುಮಾನಿ ಬಂದಿರಲಿಲ್ಲ.

ಪಕ್ಕದಲ್ಲಿ ಮಾಣಿಕಬಾಯಿ, ಅವಳು ಊಟ ಮಾಡುವ ಖಾನಾವಳಿಯ ಮುದುಕಿ. ಅಪ್ಪ ಜೋಳದ ರಾಶಿ ಬಿಟ್ಟು ಬರಲಾಗದ್ದಕ್ಕೆ ಪಾಲಕರ ಕುರ್ಚಿಯಲ್ಲಿ ತಾನೇ ಬಂದು ಕೂತಿದ್ದಳು.

"ಹತ್ತು ದಿನ ಆತು ಪೋರಿ, ನೀ ಭಕ್ಕರಿ ಮುಟ್ಟವಲ್ಲಿ. ನೀ ಬಿಟ್ಟದ್ದು ತಿಂದು ತಿಂದು ನಮ್ಮ ಗಲ್ಲಿ ನಾಯಿ ಆನಿ ಆಗ್ಯಾವ. ನಿನ್ನಿ ಒಂದು ಬಾಗಲದಾಗ ಸಿಕ್ಕೊಂಡಿತ್ತು."

"ಹಸಿವಿಲ್ಲ ಆಯಿ."

"ಹಸಿವಿಲ್ಲೋ, ಜೀವಕ್ಕ ಏನೂ ಬ್ಯಾಡಾಗ್ಯಾದೋ?"

ಮೈಕಿನಲ್ಲಿ ಯಾರೋ ಯುವಪೀಳಿಗೆಯ ಉಜ್ವಲ ಭವಿಷ್ಯವನ್ನು ವರ್ಣಿಸುತ್ತಿದ್ದರು.

"ಏನೂ ಬ್ಯಾಡಾಗ್ಯಾದ," ಎಂದಳು ಸ್ವಪ್ನಾಲಿ. "ಮೂರು ವಿಷಯದಾಗ ನಪಾಸ ಆಗೀನಿ. ಮುಂಜಾನೆ ಯಾಕ ಏಳಬೇಕು ತಿಳೀವಲ್ದು."

ಮಾಣಿಕಬಾಯಿ ಅವಳ ಮುಖವನ್ನೇ ನೋಡಿದಳು.

"ಮೂರ? ನಾ ಎರಡನೇ ಇಯತ್ತೇದಾಗ ಎಷ್ಟು ವರ್ಷ ಕುಂತಿದ್ದೆ ಅಂದ್ರ, ಮಾಸ್ತರಗ ಮೊಮ್ಮಕ್ಕಳಾದ್ವು." ಆಮೇಲೆ ದನಿ ತಗ್ಗಿಸಿದಳು. "ಅಪ್ಪಗ ಇವತ್ತ ಹೇಳು. ನಾ ಬಾಜೂಕ ಕುಂದರ್ತೀನಿ. ನಾಳಿ ಡಾಕ್ಟರ ಕಡಿ ಹೋಗೂಣು. ಜ್ವರ ಬಂದ್ರ ಹೋಗೂದಿಲ್ಲೇನು?"

ಅವಳ ಕೈ ಸ್ವಪ್ನಾಲಿಯ ಕೈ ಹಿಡಿದಿತ್ತು. ಕೃತಜ್ಞತೆ ಎಂಬ ಮಾತನ್ನು ಸ್ವಪ್ನಾಲಿ ಭಾಷಣಗಳ ಕೊನೆಯಲ್ಲಷ್ಟೇ ಕೇಳಿದ್ದಳು. ಅದು ಇಷ್ಟು ಒರಟಾಗಿ, ಇಷ್ಟು ಬಿಸಿಯಾಗಿ ಇರುತ್ತದೆಂದು ಗೊತ್ತಿರಲಿಲ್ಲ. ಕಣ್ಣು ತುಂಬಿತು. ಹತ್ತು ದಿನದಲ್ಲಿ ಮೊದಲ ಸಲ.

ಅವಳ ಹೆಸರು ಕೂಗಿದರು.

ಶಾಲು ಮುಗಿದಿದ್ದವು. ಕಾರ್ಯದರ್ಶಿ ಸೂರ್ಯಕಾಂತ ಒಬ್ಬ ಅತಿಥಿಯ ಹೆಗಲಿಂದ ಮೇಲಿನದನ್ನು ಎಳೆದು ಅವಳಿಗೆ ಹೊದಿಸಿದ.

"ಫೋಟೋಕ್ಕ ಅಷ್ಟ ಹಾಂ, ತಂಗಿ. ಹಿಂದ ಇನ್ನೂ ಹುಡುಗ್ಯಾರು ಅದಾರ."

ಫೋಟೋ ತೆಗೆದದ್ದೇ ತಡ, ಶಾಲು ಹೋಯಿತು. ಹಿಂದಿನವಳು ಹೆಗಲು ಮುಂದೆ ಮಾಡಿದಳು.

ಇಬ್ಬರೂ ಹೊರಗೆ ಬಂದು ಕಟ್ಟೆಯ ಮೇಲೆ ಕೂರುವಷ್ಟರಲ್ಲಿ ಫೋಟೋ ಸಮಾಜದ ವಾಟ್ಸಾಪ್ ಗುಂಪಿನಿಂದ ಗುಂಜೋಟಿಗೆ ಹೋಗಿ ಸ್ವಪ್ನಾಲಿಯ ಮೊಬೈಲಿಗೆ ವಾಪಸು ಬಂದಿತ್ತು. ಅಪ್ಪ ಮೂರು ಗುಲಾಬಿ ಸೇರಿಸಿ ಕಳಿಸಿದ್ದ.

ಮಾಣಿಕಬಾಯಿ ಮೊಬೈಲನ್ನು ಮೂಗಿಗೆ ಹಿಡಿದಳು. ಹನ್ನೊಂದು ಜನ ಅತಿಥಿಗಳು ಕ್ಯಾಮೆರಾ ನೋಡುತ್ತಿದ್ದರು. ನಡುವೆ ಶಾಲು. ಶಾಲಿನ ಮೇಲೆ, ಮುಖ ಇರಬೇಕಾದಲ್ಲಿ, ಯಾರೋ ಎತ್ತಿ ಹಿಡಿದ ಪ್ರಶಸ್ತಿಪತ್ರ.

"ಇದ್ರಾಗ ನೀ ಎಲ್ಲಿದ್ದಿ ಪೋರಿ?"

ಹುಡುಕಿದವಳು ಈ ಮುದುಕಿ ಒಬ್ಬಳೇ. ಸ್ವಪ್ನಾಲಿ ಅವಳ ಭುಜಕ್ಕೆ ಒರಗಿದಳು.

"ದೊಡ್ಡದು ಮಾಡು, ನೋಡೂಣು."

ಸ್ವಪ್ನಾಲಿ ಎರಡು ಬೆರಳಿಟ್ಟು ಅಗಲಿಸಿದಳು. ಪ್ರಶಸ್ತಿಪತ್ರ ದೊಡ್ಡದಾಯಿತು, ಅದರ ಮೇಲಿನ ಹೆಸರು ದೊಡ್ಡದಾಯಿತು, ಮತ್ತಷ್ಟು ಎಳೆದಾಗ ಅಕ್ಷರಗಳು ಚೂರುಚೂರಾಗಿ ಬರೀ ಬೂದು ಚೌಕಗಳಾದವು. ಮೇಲ್ಗಡೆ ಅಪ್ಪನ ಹೆಸರು ಮಿನುಗಿ ರಿಂಗಾಗತೊಡಗಿತು.

"ಎತ್ತು, ನಾ ಇದ್ದೀನಿ," ಎಂದಳು ಮಾಣಿಕಬಾಯಿ.

ಸ್ವಪ್ನಾಲಿಯ ಬೆರಳುಗಳು ಗಾಜಿನ ಮೇಲೆ ಅಗಲವಾಗಿಯೇ ಇದ್ದವು. ಅವುಗಳ ನಡುವೆ, ಬೂದು ಚೌಕಗಳಲ್ಲಿ, ಯಾರೂ ಇರಲಿಲ್ಲ.